ಸ್ಟಾರ್ಟರ್ ಸೆಟ್ಟಿಂಗ್ ಮರೆಯುತ್ತಿದೆಯಾ? ಮೆಮೊರಿ ಐಸಿಯನ್ನು ಬೈಯುವ ಮೊದಲು

ಕೋಲಾರದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ಬರುವುದರಲ್ಲಿ ಜಾಸ್ತಿ ಬೋರ್‌ವೆಲ್ ಮೋಟ್ರಿನ ಮೊಬೈಲ್ ಸ್ಟಾರ್ಟರ್‌ಗಳು, ಅಂದರೆ ಫೋನ್ ಕಾಲ್ ಮಾಡಿ ಮೋಟ್ರು ಹಾಕುವ, ನಿಲ್ಲಿಸುವ ಡಬ್ಬಿಗಳು. ಆಮೇಲೆ ಡ್ರಿಪ್ ಟೈಮರ್‌ಗಳು, ಕೋಳಿ ಫಾರಂನ ಟೆಂಪರೇಚರ್ ಕಂಟ್ರೋಲರ್‌ಗಳು. ತಂದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಸಾರ್, ಇದಕ್ಕೆ ಮರೆವು ಬಂದಿದೆ."

ಟೊಮೆಟೊ ಬೆಳೆಯುವ ರೈತರೊಬ್ಬರು ತಂದ ಸ್ಟಾರ್ಟರ್ ನೆನಪಿದೆ. ಸೇರಿಸಿಟ್ಟ ಫೋನ್ ನಂಬರ್ ವಾರಕ್ಕೊಮ್ಮೆ ಅಳಿಸಿ ಹೋಗುತ್ತಿತ್ತು. ಇವರು ಮನೆಯಿಂದ ಕಾಲ್ ಮಾಡಿದರೆ, ಯಾರೋ ಹೊರಗಿನವರು ಕರೆದಂತೆ ಅದು ಸುಮ್ನೆ ಕಟ್ ಮಾಡುತ್ತಿತ್ತು. ಬೇರೆ ಎರಡು ಕಡೆ ಮೆಮೊರಿ ಐಸಿ ಬದಲಾಯಿಸಿ ಕೊಟ್ಟಿದ್ದರು. ಬಿಚ್ಚಿ ನೋಡಿದರೆ ಐಸಿ ಫಳಫಳ ಹೊಸದು. ಪಕ್ಕದ ಕೆಪಾಸಿಟರ್ ತಲೆ ಮಾತ್ರ ಪೂರಿ ಥರ ಉಬ್ಬಿಕೊಂಡಿತ್ತು. ಅದನ್ನು ತೆಗೆದು ಹೊಸದು ಹಾಕಿದೆ. ಮರೆವು ನಿಂತಿತು.

ಮರೆವು ಎಂದ ತಕ್ಷಣ ಎಲ್ಲರ ಕಣ್ಣೂ ಸೆಟ್ಟಿಂಗ್ ಉಳಿಸಿಡುವ ಆ ಎಂಟು ಕಾಲಿನ ಐಸಿ ಮೇಲೆ ಬೀಳುತ್ತದೆ. ನಾನು ನೋಡಿದ ಮಟ್ಟಿಗೆ ಅದು ತಪ್ಪು ಮಾಡಿರುವುದು ಕಡಿಮೆ. ಅದಕ್ಕೆ ಬರುವ ಕರೆಂಟು ಸರಿ ಇರುವುದಿಲ್ಲ, ಇಲ್ಲವೇ ಅದರಲ್ಲಿ ಬರೆಯುವ ಪ್ರೋಗ್ರಾಂ ಸರಿ ಇರುವುದಿಲ್ಲ. ಹಾಗಾಗಿ ಕೆಳಗಿನ ಪರೀಕ್ಷೆಗಳಲ್ಲಿ ಐಸಿಯ ಸರದಿ ಕೊನೆಗೆ ಬರುತ್ತದೆ.

ಕೈ ಹಾಕುವ ಮೊದಲು

ಪ್ಯಾನಲ್ ಬೋರ್ಡಿಗೆ ಬರುವುದು ಮೂರು ಫೇಸ್. ಫೇಸಿಗೂ ಫೇಸಿಗೂ ನಡುವೆ 415 ವೋಲ್ಟ್. ಮೋಟ್ರು ನಿಂತಿದ್ದರೂ ಒಳಗೆ ಬರುವ ವೈರುಗಳಲ್ಲಿ ಕರೆಂಟ್ ಇರುತ್ತದೆ. ನಮ್ಮ ಕಡೆ ತ್ರೀ ಫೇಸ್ ಬರುವುದು ಪಾಳಿಯಲ್ಲಿ. "ಈಗ ಕರೆಂಟ್ ಇಲ್ಲವಲ್ಲ" ಎಂದು ಕೈ ಹಾಕಿದಾಗಲೇ ಅದು ಬರಬಹುದು. ಮೇನ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಟುಕೊಳ್ಳಿ. ಆಮೇಲೂ ಮೀಟರ್ ಇಟ್ಟು ನೋಡಿ. ಒದ್ದೆ ಕಾಲಲ್ಲಿ, ಗದ್ದೆ ಕೆಸರಲ್ಲಿ ನಿಂತು ಈ ಕೆಲಸ ಬೇಡ. ಮೋಟ್ರಿನ ದೊಡ್ಡ ಕೆಪಾಸಿಟರ್‌ಗಳು ಕರೆಂಟ್ ತೆಗೆದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಇಟ್ಟುಕೊಂಡಿರುತ್ತವೆ. ಫ್ಯೂಸ್ ಕಿತ್ತ ತಕ್ಷಣ ಅವುಗಳ ಕಾಲು ಮುಟ್ಟಬೇಡಿ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಅಗ್ಗದ ಟೈಮರ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರ್ ಮೂಲಕ 230 ವೋಲ್ಟನ್ನೇ ಇಳಿಸಿ 5 ವೋಲ್ಟ್ ಮಾಡಿರುತ್ತಾರೆ. ಅಂಥ ಬೋರ್ಡಿನಲ್ಲಿ 5 ವೋಲ್ಟ್ ಕಡೆಯೂ ಮೇನ್ಸಿಗೆ ನೇರ ಅಂಟಿಕೊಂಡಿರುತ್ತದೆ. ಅಲ್ಲಿ ಮುಟ್ಟಿದರೂ ಹೊಡೆಯುತ್ತದೆ. ಕರೆಂಟಿನಲ್ಲಿರುವಾಗ ಲ್ಯಾಪ್‌ಟಾಪ್ ಸಿಕ್ಕಿಸಿದರೆ ಲ್ಯಾಪ್‌ಟಾಪೂ ಹೋಯಿತು, ನೀವೂ ಹೋದಿರಿ. ಟ್ರಾನ್ಸ್‌ಫಾರ್ಮರ್ ಕಾಣದಿದ್ದರೆ ಕರೆಂಟ್ ಕೊಟ್ಟು ಅಳೆಯುವ ಕೆಲಸಕ್ಕೆ ಹೋಗಲೇಬೇಡಿ.

ಮೂರನೆಯದು ಮೋಟ್ರಿಗೆ ಅಪಾಯ. ಸ್ಟಾರ್ಟರ್ ಮರೆಯುವುದು ಫೋನ್ ನಂಬರ್ ಒಂದನ್ನೇ ಅಲ್ಲ. ಭಾರ ಹೆಚ್ಚಾದಾಗ ಮೋಟ್ರು ನಿಲ್ಲಿಸುವ ಓವರ್‌ಲೋಡ್ ಆಂಪಿಯರ್, ನೀರಿಲ್ಲದಾಗ ನಿಲ್ಲಿಸುವ ಡ್ರೈರನ್ ಆಂಪಿಯರ್ ಕೂಡ ಅದೇ ಐಸಿಯಲ್ಲಿ ಇರುತ್ತವೆ. ಅವು ಕಂಪನಿ ಸೆಟ್ಟಿಂಗಿಗೆ ಹೋಗಿದ್ದರೆ, ನೀರಿಲ್ಲದ ಬೋರಿನಲ್ಲಿ ಮೋಟ್ರು ಓಡುತ್ತಲೇ ಇರಬಹುದು. ಸಾವಿರ ಅಡಿಯಿಂದ ಮೋಟ್ರು ಎತ್ತಿಸುವ ಖರ್ಚು ಏನೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ ಅಲ್ವಾ? ಮರೆವು ಕಾಣಿಸಿದ ದಿನವೇ ಆ ಎರಡು ಅಂಕಿ ನೋಡಿ, ಸರಿ ಮಾಡಿ, ಆಮೇಲೆ ಮೋಟ್ರು ಹಾಕಿ. ಸೆಟ್ಟಿಂಗ್ ಪುಟಗಳ ಫೋಟೋ ಫೋನಿನಲ್ಲಿ ಇಟ್ಟುಕೊಂಡಿದ್ದರೆ ಇದು ಐದು ನಿಮಿಷದ ಕೆಲಸ.

ಬಿಚ್ಚದೆಯೇ ಕೇಳುವ ಪ್ರಶ್ನೆಗಳು

ನಾನು ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಮೂರು ಮಾತು ಕೇಳುತ್ತೇನೆ. ಏನು ಮರೆಯಿತು: ಟೈಮ್ ಮಾತ್ರವಾ, ಎಲ್ಲವೂನಾ, ಒಂದೇ ಒಂದು ಸೆಟ್ಟಿಂಗಾ? ಯಾವಾಗ ಮರೆಯಿತು: ಕರೆಂಟ್ ಹೋಗಿ ಬಂದಾಗಲಾ, ಮಳೆಯಾದಾಗಲಾ, ಕಾಲ್ ಬಂದಾಗಲಾ? ಮೊದಲಿನಿಂದಲೂ ಹೀಗಾ, ಇತ್ತೀಚೆಗಾ? ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ. ತಂದವರು "ಎಲ್ಲಾ ಹೋಗಿದೆ" ಎನ್ನುತ್ತಾರೆ. ಬಿಡಿಸಿ ಕೇಳಿದರೆ ಹೋಗಿರುವುದು ಗಡಿಯಾರ ಮಾತ್ರ ಆಗಿರುತ್ತದೆ.

ಒಳಗೆ ಇರುವುದು ಒಂದು ಹಗೇವು

ಹಳೇ ಕಾಲದಲ್ಲಿ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಕಾವಲು ಬೇಕಿಲ್ಲ, ವರ್ಷಗಟ್ಟಲೆ ಹಾಗೇ ಇರುತ್ತಿತ್ತು. ಮೆಮೊರಿ ಐಸಿಯೂ ಅಷ್ಟೇ. ಅದರ ಒಂದೊಂದು ಕೋಶದಲ್ಲೂ ಸುತ್ತ ಗಾಜಿನಂಥ ಪದರ ಇರುವ ಒಂದು ಪುಟ್ಟ ಗುಂಡಿ. ಅದರೊಳಗೆ ಎಲೆಕ್ಟ್ರಾನ್‌ಗಳನ್ನು ತಳ್ಳಿಬಿಟ್ಟರೆ ಕರೆಂಟ್ ಹೋದರೂ ಅವು ಹೊರಗೆ ಬರಲಾರವು. ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಓದುವುದು ಎಂದರೆ ಗುಂಡಿಯಲ್ಲಿ ಇದೆಯೋ ಇಲ್ಲವೋ ಎಂದು ನೋಡುವುದು, ಅಷ್ಟೇ. ಓದಿದರೆ ಸವೆಯುವುದಿಲ್ಲ.

ಬರೆಯುವುದು ಬೇರೆ ಕಥೆ. ಐಸಿ ತನ್ನೊಳಗೇ ಹೆಚ್ಚಿನ ವೋಲ್ಟೇಜ್ ಹುಟ್ಟಿಸಿಕೊಂಡು, ಆ ಪದರ ದಾಟಿಸಿ ಎಲೆಕ್ಟ್ರಾನ್ ತಳ್ಳುತ್ತದೆ. ಪ್ರತಿ ಸಲ ಹಗೇವಿನ ಬಾಯಿ ತೆಗೆದಾಗ ಗೋಡೆಯ ಮಣ್ಣು ಒಂದಿಷ್ಟು ಉದುರಿದ ಹಾಗೆ, ಪದರವೂ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ. ಇದಕ್ಕೆ ಸಮಯವೂ ಬೇಕು. 24ಸಿ02, 24ಸಿ32 ಥರದ 24ಸಿ ಸಾಲಿನ ಮೆಮೊರಿ ಐಸಿಗೆ ಒಂದು ಬರಹಕ್ಕೆ ಸುಮಾರು 5 ಮಿಲಿಸೆಕೆಂಡ್. ಮನುಷ್ಯನಿಗೆ ಅದು ಏನೂ ಅಲ್ಲ. ಪ್ರೊಸೆಸರ್‌ಗೆ ಮಾತ್ರ ಒಂದು ಮಧ್ಯಾಹ್ನದಷ್ಟು ಉದ್ದ. ಕಾಟ ಎಲ್ಲಾ ಹುಟ್ಟುವುದು ಈ 5 ಮಿಲಿಸೆಕೆಂಡಿನಲ್ಲೇ.

ಇದರಲ್ಲಿ ಎರಡು ಜಾತಿ. ಇ-ಇ-ಪ್ರಾಮ್‌ನಲ್ಲಿ ಒಂದೊಂದು ಬೈಟನ್ನೂ ಬೇರೆಬೇರೆಯಾಗಿ ತಿದ್ದಬಹುದು. ಫ್ಲ್ಯಾಶ್‌ನಲ್ಲಿ ಹಾಗಾಗಲ್ಲ. ಒಂದು ಕಾಳು ಬದಲಾಯಿಸಲೂ ಇಡೀ ಹಗೇವು ಖಾಲಿ ಮಾಡಿ ಮತ್ತೆ ತುಂಬಬೇಕು. ಸಾಮಾನ್ಯವಾಗಿ ಸೆಟ್ಟಿಂಗ್ ಇರುವುದು ಇ-ಇ-ಪ್ರಾಮ್‌ನಲ್ಲಿ, ಪ್ರೋಗ್ರಾಂ ಇರುವುದು ಫ್ಲ್ಯಾಶ್‌ನಲ್ಲಿ. ಇವಕ್ಕೂ ಮುಂಚಿನ ಐಸಿಗಳ ತಲೆ ಮೇಲೆ ಗಾಜಿನ ಕಿಟಕಿ ಇರುತ್ತಿತ್ತು. ಅಳಿಸಬೇಕೆಂದರೆ ಅಲ್ಟ್ರಾವಯಲೆಟ್ ದೀಪದ ಕೆಳಗೆ ಇಟ್ಟು ಕಾಯಬೇಕಿತ್ತು. ನನ್ನ ಹತ್ತಿರ ಇನ್ನೂ ಎರಡಿವೆ, ಮಕ್ಕಳಿಗೆ ತೋರಿಸಲು ಇಟ್ಟುಕೊಂಡಿದ್ದೇನೆ.

"ಟೈಮ್ ಒಂದೇ ತಪ್ಪುತ್ತೆ, ಮಿಕ್ಕಿದ್ದೆಲ್ಲಾ ಸರಿ"

ಇದಕ್ಕೂ ಮೆಮೊರಿ ಐಸಿಗೂ ಸಂಬಂಧವೇ ಇಲ್ಲ. ಗಡಿಯಾರದ ಐಸಿ ಬೇರೆ, ಅದನ್ನು ಕರೆಂಟ್ ಇಲ್ಲದಾಗ ಓಡಿಸುವುದು ನಾಣ್ಯದಂಥ ಶೆಲ್. ಬಹಳ ಕಡೆ ಅದು 3 ವೋಲ್ಟಿನ ಸಿಆರ್2032. ತೆಗೆದು ಮೀಟರ್ ಇಡಿ. 2.5 ವೋಲ್ಟಿಗಿಂತ ಕೆಳಗಿದ್ದರೆ ಹೊಸದು ಹಾಕಿ. ಸರಿ ಇದ್ದರೆ ಹೋಲ್ಡರ್‌ನ ತಗಡು ಸಡಿಲವಾಗಿದೆಯಾ, ಹಸಿರು ಕಿಲುಬು ಹತ್ತಿದೆಯಾ ನೋಡಿ.

ಮನೆಯಲ್ಲೇ ಬೋರ್ಡ್ ಮಾಡಿಕೊಳ್ಳುವವರಿಗೆ ಒಂದು ಮಾತು. ನೀಲಿ ಬಣ್ಣದ ಅಗ್ಗದ ಡಿಎಸ್3231 ಗಡಿಯಾರದ ಮಾಡ್ಯೂಲ್‌ಗಳಲ್ಲಿ ಶೆಲ್‌ಗೆ ಚಾರ್ಜ್ ಕೊಡುವ ಸರ್ಕ್ಯೂಟ್ ಇರುತ್ತದೆ. ಅದು ಚಾರ್ಜ್ ಆಗುವ ಎಲ್‌ಐಆರ್2032ಗೆ ಮಾಡಿದ್ದು. ಅಲ್ಲಿ ಸಿಆರ್2032 ಹಾಕಿದರೆ ಶೆಲ್ ಉಬ್ಬುತ್ತದೆ, ಸೋರುತ್ತದೆ. ಡಯೋಡ್ ಪಕ್ಕದ ಚಾರ್ಜಿಂಗ್ ರೆಸಿಸ್ಟರ್ ಕಿತ್ತುಬಿಡಿ. ಹಳೇ ಶೆಲ್ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ನುಂಗಿದರೆ ಗಂಟಲಲ್ಲೇ ಸುಟ್ಟು ಗಾಯ ಮಾಡುತ್ತದೆ. ಹಾಗಾದರೆ ಕಾಯದೆ ಆಸ್ಪತ್ರೆಗೆ ಓಡಿ.

"ಸೆಟ್ ಮಾಡಿದ್ದು ಉಳಿಯೋದೇ ಇಲ್ಲ"

ಬದಲಾಯಿಸಿದರೆ ಬದಲಾಗುತ್ತದೆ, ಆಫ್ ಮಾಡಿ ಆನ್ ಮಾಡಿದರೆ ಪ್ರತಿ ಸಲವೂ ಹಳೆಯದೇ ಬರುತ್ತದೆ. ಒಮ್ಮೆಯೂ ಉಳಿಯುವುದಿಲ್ಲ. ಮೊದಲು ನಾಚಿಕೆಪಡದೆ ಕೈಪಿಡಿ ಓದಿ. ಎಷ್ಟೋ ಟೈಮರ್‌ಗಳಲ್ಲಿ ಅಂಕಿ ಬದಲಾಯಿಸಿ, ಸೆಟ್ ಗುಂಡಿಯನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಉಳಿಯುತ್ತದೆ. ಸುಮ್ನೆ ಬಿಟ್ಟರೆ ಅದೇ ಹಳೇ ಪುಟಕ್ಕೆ ವಾಪಸ್. ಬೋರ್ಡಿನ ಮೇಲೆ ಸೆಟ್ಟಿಂಗ್‌ಗೆ ಬೀಗ ಹಾಕುವ ಜಂಪರ್, ಅಂದರೆ ಎರಡು ಪಿನ್ನು ಕೂಡಿಸುವ ಸಣ್ಣ ಟೊಪ್ಪಿ, ಇದೆಯಾ ಅದನ್ನೂ ನೋಡಿ.

ಅದೂ ಸರಿ ಇದ್ದರೆ ಐಸಿಯ ಏಳನೇ ಕಾಲು ನೋಡಿ. 24ಸಿ ಸಾಲಿನ ಎಂಟು ಕಾಲಿನ ಐಸಿಯಲ್ಲಿ 4 ನೆಗೆಟಿವ್, 8 ಪಾಸಿಟಿವ್, 5 ಡೇಟಾ, 6 ಕ್ಲಾಕ್, 7 ಬರಹ ತಡೆಯುವ ಕಾಲು. ಏಳಕ್ಕೆ ಪಾಸಿಟಿವ್ ಬಂದಿದ್ದರೆ ಓದಬಹುದು, ಬರೆಯಲು ಆಗುವುದಿಲ್ಲ. ಬಹಳ ಬೋರ್ಡುಗಳಲ್ಲಿ ಅದನ್ನು ನೆಗೆಟಿವ್‌ಗೆ ಕಟ್ಟಿರುತ್ತಾರೆ. ಆ ಬೆಸುಗೆ ಬಿಟ್ಟುಕೊಂಡಿದ್ದರೆ ಈ ರೋಗ ಬರಬಹುದು. ಕಾಯಿಸಿ ಸ್ವಲ್ಪ ಹೊಸ ಸೀಸ ಕೊಟ್ಟರೆ ಮುಗಿಯಿತು.

ನೀವೇ ಪ್ರೋಗ್ರಾಂ ಬರೆದಿದ್ದರೆ ಇನ್ನೂ ಮೂರು ಕಡೆ ನೋಡಬೇಕು. ಇಎಸ್‌ಪಿ8266, ಇಎಸ್‌ಪಿ32 ಚಿಪ್‌ಗಳಲ್ಲಿ ನಿಜವಾದ ಇ-ಇ-ಪ್ರಾಮ್ ಇಲ್ಲ, ಫ್ಲ್ಯಾಶ್‌ನ ಒಂದು ಮೂಲೆಯನ್ನೇ ಹಾಗೆ ಕರೆಯುತ್ತಾರೆ. ಅಲ್ಲಿ ಬರೆದ ಮೇಲೆ ಕಮಿಟ್ ಎಂದು ಕೊಡದಿದ್ದರೆ ಏನೂ ಉಳಿಯುವುದಿಲ್ಲ. ಹೊರಗಿನ 24ಸಿ ಐಸಿಯಾದರೆ, ಒಂದು ಬರಹ ಮುಗಿಯುವ ಮುಂಚೆ ಇನ್ನೊಂದು ಕಳಿಸಿದರೆ ಅದು ಕಿವಿಗೇ ಹಾಕಿಕೊಳ್ಳುವುದಿಲ್ಲ. 5 ಮಿಲಿಸೆಕೆಂಡ್ ಕಾಯಿರಿ, ಇಲ್ಲವೇ ಉತ್ತರ ಬರುವವರೆಗೆ ಕೇಳುತ್ತಿರಿ. ಮೂರನೆಯದು ಪುಟದ ಗಡಿ. 24ಸಿ02ನಲ್ಲಿ ಬಹಳ ಕಂಪನಿಗಳದ್ದು 8 ಬೈಟಿನ ಪುಟ, 24ಸಿ32ನಲ್ಲಿ 32 ಬೈಟಿನದ್ದು. ಗಡಿ ದಾಟಿ ಒಂದೇ ಏಟಿಗೆ ಬರೆದರೆ ಮುಂದಿನ ಪುಟಕ್ಕೆ ಹೋಗುವುದಿಲ್ಲ, ಅದೇ ಪುಟದ ಶುರುವಿಗೆ ಬಂದು ಅಲ್ಲಿದ್ದದ್ದನ್ನು ತುಳಿಯುತ್ತದೆ. ಫೋನ್ ನಂಬರಿನ ಕೊನೆಯ ಅಂಕಿಗಳು ಮೊದಲಿಗೆ ಬಂದು ಕೂತಿದ್ದರೆ ಕಾರಣ ಇದೇ.

"ಕರೆಂಟ್ ಹೋಗಿ ಬಂದ್ರೆ ಒಂದೊಂದ್ಸಲ ಎಲ್ಲಾ ಖಾಲಿ"

ನನ್ನ ಅಂಗಡಿಗೆ ಬರುವ ಮರೆವಿನ ಕೇಸುಗಳಲ್ಲಿ ದೊಡ್ಡ ಪಾಲು ಇದು. ಗುರುತು ಏನೆಂದರೆ "ಒಂದೊಂದ್ಸಲ" ಎಂಬ ಮಾತು. ಹತ್ತು ಸಲ ಕರೆಂಟ್ ಹೋಗಿ ಬಂದರೆ ಒಂಬತ್ತು ಸಲ ಸರಿ ಇರುತ್ತದೆ. ಐಸಿ ಸತ್ತಿದ್ದರೆ ಹೀಗೆ ಆಟ ಆಡುವುದಿಲ್ಲ.

ಕರೆಂಟ್ ಹೋದಾಗ ಬೋರ್ಡಿನ 5 ವೋಲ್ಟ್ ಒಂದೇ ಸಲ ಸೊನ್ನೆಯಾಗುವುದಿಲ್ಲ. ಕೆಪಾಸಿಟರ್ ಖಾಲಿಯಾದಂತೆ ಇಳಿಯುತ್ತದೆ. ಮಧ್ಯದಲ್ಲಿ ಒಂದು ಕೆಟ್ಟ ಗಳಿಗೆ ಇದೆ. ಪ್ರೊಸೆಸರ್ ಪೂರ್ತಿ ಸತ್ತಿಲ್ಲ, ಸರಿಯಾಗಿ ಬದುಕಿಯೂ ಇಲ್ಲ. ಕುಡಿದವನ ಹಾಗೆ ಎಲ್ಲೋ ಏನೋ ಗೀಚುತ್ತದೆ. ಇಲ್ಲವೇ ಸರಿಯಾಗಿಯೇ ಬರೆಯುತ್ತಿತ್ತು, 5 ಮಿಲಿಸೆಕೆಂಡ್ ಮುಗಿಯುವ ಮುಂಚೆ ಉಸಿರು ನಿಂತಿತು. ಮುಂದಿನ ಸಲ ಆನ್ ಆದಾಗ ಪ್ರೋಗ್ರಾಂ ನೋಡುತ್ತದೆ, ಅರ್ಧಂಬರ್ಧ ಇದೆ, "ಇದು ನಂಬುವಂತಿಲ್ಲ" ಎಂದು ಕಂಪನಿ ಸೆಟ್ಟಿಂಗ್ ಹಾಕಿಕೊಳ್ಳುತ್ತದೆ. ಮಾಲೀಕರಿಗೆ ಕಾಣುವುದು: ಎಲ್ಲಾ ಖಾಲಿ.

ಮೊದಲು ಕಣ್ಣಲ್ಲಿ ನೋಡುವುದು. ಫ್ಯೂಸ್ ಕಿತ್ತು, ಡಬ್ಬಿ ತೆಗೆದು, ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ತಲೆ ನೋಡಿ. ಉಬ್ಬಿದ್ದರೆ, ಬುಡದಲ್ಲಿ ಕಂದು ಅಂಟು ಇದ್ದರೆ ಬೇರೆ ಪರೀಕ್ಷೆ ಬೇಡ, ಅಷ್ಟೇ ಮೈಕ್ರೋಫ್ಯಾರಡ್‌ನ, ಅಷ್ಟೇ ಅಥವಾ ಹೆಚ್ಚು ವೋಲ್ಟಿನ, 105 ಡಿಗ್ರಿಯದ್ದು ಹಾಕಿ. ಪ್ಲಸ್ ಮೈನಸ್ ಅದಲುಬದಲಾದರೆ ಸಿಡಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ತಗಡಿನ ಡಬ್ಬಿಯೊಳಗೆ ಕೂತ ಕೆಪಾಸಿಟರ್ ಬೇಗ ಒಣಗುವುದು ಆಶ್ಚರ್ಯವಲ್ಲ. ನೋಡಲು ಚೆನ್ನಾಗಿದ್ದೂ ಒಳಗೆ ಒಣಗಿರುವುದು ಉಂಟು.

ಆಮೇಲೆ ಬೋರ್ಡನ್ನು ಪ್ಯಾನಲ್‌ನಿಂದ ಬಿಡಿಸಿ ಮೇಜಿನ ಮೇಲೆ ತನ್ನಿ. ಅದರದ್ದೇ ಟ್ರಾನ್ಸ್‌ಫಾರ್ಮರ್ ಬದಲು ಒಳ್ಳೆಯ 12 ವೋಲ್ಟ್ ಡಿಸಿ ಅಡಾಪ್ಟರ್ ಕೊಡಿ. ಬೋರ್ಡಿನ ಮೇಲೆ 12 ವೋಲ್ಟ್ ಎಂದು ಬರೆದಿದ್ದರೆ ಮಾತ್ರ ಇದು. ಒಂದು ಸೆಟ್ಟಿಂಗ್ ಹಾಕಿ, ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ. ಇಪ್ಪತ್ತು ಸಲ. ಬೇಸರದ ಕೆಲಸ, ಒಂದು ಟೀ ಹಿಡಿದುಕೊಂಡು ಕೂತರೆ ಆಗುತ್ತದೆ. ಇಲ್ಲಿ ಒಮ್ಮೆಯೂ ಮರೆಯಲಿಲ್ಲ, ಪ್ಯಾನಲ್‌ನಲ್ಲಿ ಮರೆಯುತ್ತದೆ ಎಂದರೆ ಐಸಿ ಚೆನ್ನಾಗಿದೆ. ತಪ್ಪು ಪವರ್ ಸಪ್ಲೈಯದ್ದು, ಇಲ್ಲವೇ ಮೋಟ್ರಿಗೆ ಕರೆಂಟ್ ಕೊಡುವ, ಕಡಿಯುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್‌ನದ್ದು.

ಕಾಂಟ್ಯಾಕ್ಟರ್ ಎಳೆದಾಗ, ಬಿಟ್ಟಾಗ ಅದರ ಕಾಯಿಲ್ ಒಂದು ಜೋರು ಏಟು ಕೊಡುತ್ತದೆ. ಅದು ವೈರುಗಳ ಮೂಲಕ ಬೋರ್ಡಿಗೂ ಬರುತ್ತದೆ. ಕಾಯಿಲ್‌ಗೆ ಅಡ್ಡಲಾಗಿ ಕೂರಿಸಿ ಆ ಏಟು ತಗ್ಗಿಸುವ ಸ್ನಬ್ಬರ್ ರೆಡಿ ಸಿಗುತ್ತದೆ. ಕಾಯಿಲ್ 230 ವೋಲ್ಟಿನದ್ದಾ 415 ವೋಲ್ಟಿನದ್ದಾ ನೋಡಿ ಅದಕ್ಕೆ ತಕ್ಕದ್ದೇ ತನ್ನಿ, ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಬೋರ್ಡಿನ ಸಣ್ಣ ವೈರುಗಳನ್ನು ಮೋಟ್ರಿನ ದಪ್ಪ ವೈರುಗಳ ಜೊತೆ ಸೇರಿಸಿ ಕಟ್ಟಿದ್ದರೆ ಬಿಡಿಸಿ ಬೇರೆ ದಾರಿಯಲ್ಲಿ ತನ್ನಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ನಾಲ್ಕಾರು ಬೋರ್ಡು ಇದರಿಂದಲೇ ಸರಿಹೋಗಿವೆ.

ಮೊಬೈಲ್ ಸ್ಟಾರ್ಟರ್‌ನಲ್ಲಿ ಇದರದ್ದೇ ಇನ್ನೊಂದು ರೂಪ ಇದೆ: ಕರೆಂಟ್ ಸರಿಯಾಗೇ ಇರುತ್ತದೆ, ಕಾಲ್ ಬಂದಾಗ ಡಿಸ್‌ಪ್ಲೇ ಮಿನುಗಿ ರೀಸ್ಟಾರ್ಟ್ ಆಗುತ್ತದೆ. ಒಳಗಿನ ಸಿಮ್ ಮಾಡ್ಯೂಲ್ ಟವರ್ ಜೊತೆ ಮಾತಾಡುವಾಗ ಕ್ಷಣಮಾತ್ರಕ್ಕೆ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಟವರ್ ದೂರ ಇದ್ದಷ್ಟೂ ಜೋರಾಗಿ ಎಳೆಯುತ್ತದೆ. ಸಪ್ಲೈ ಸೋತರೆ ವೋಲ್ಟೇಜ್ ಕುಸಿಯುತ್ತದೆ. ಅದೇ ಹೊತ್ತಿಗೆ ಬರಹ ನಡೆಯುತ್ತಿದ್ದರೆ ಮರೆವು. ಮಾಡ್ಯೂಲ್ ಹತ್ತಿರದ ದೊಡ್ಡ ಕೆಪಾಸಿಟರ್ ಬದಲಾಯಿಸಿ, ಆಂಟೆನಾ ಸ್ಕ್ರೂ ಬಿಗಿ ಮಾಡಿ.

ಬೋರ್ಡ್ ನಿಮ್ಮದೇ ಆದರೆ ಬೇರಿನಲ್ಲೇ ಸರಿ ಮಾಡಬಹುದು. ಎಟಿಮೆಗಾ328ಪಿ ಎಂಬ ಪ್ರೊಸೆಸರ್ ಚಿಪ್‌ನಲ್ಲಿ ಬ್ರೌನ್‌ಔಟ್ ಎಂಬ ಕಾವಲುಗಾರ ಇದ್ದಾನೆ. 5 ವೋಲ್ಟ್ ಬೋರ್ಡಿನಲ್ಲಿ ಅವನನ್ನು 4.3 ವೋಲ್ಟಿಗೆ ಎಬ್ಬಿಸಿದರೆ, ಅದಕ್ಕಿಂತ ಕೆಳಗೆ ಪ್ರೊಸೆಸರನ್ನೇ ನಿಲ್ಲಿಸಿಬಿಡುತ್ತಾನೆ. ಗೀಚಾಟ ನಿಲ್ಲುತ್ತದೆ. ಬರಹ ಮುಗಿಸಲು ಪುರಸೊತ್ತು ಬೇಕಾದರೆ ಲೆಕ್ಕ ಸುಲಭ. ಬೋರ್ಡು 20 ಮಿಲಿಆಂಪಿಯರ್ ತಿನ್ನುತ್ತದೆ, 1000 ಮೈಕ್ರೋಫ್ಯಾರಡ್ ಇದೆ ಅಂದುಕೊಳ್ಳಿ. 5ರಿಂದ 4.3ಕ್ಕೆ ಇಳಿಯಲು 35 ಮಿಲಿಸೆಕೆಂಡ್ ಸಿಗುತ್ತದೆ. ಏಳು ಬರಹಕ್ಕೆ ಸಾಕು. ಅದೇ ಸಾಲಿನಲ್ಲಿ ರಿಲೇ ಕೂಡ ಇದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ, ಮೊದಲು ರಿಲೇ ಬಿಡಿಸಿ. ಸೆಟ್ಟಿಂಗನ್ನು ಎರಡು ಜಾಗದಲ್ಲಿ, ತಾಳೆ ನೋಡುವ ಮೊತ್ತದ (ಚೆಕ್‌ಸಮ್) ಜೊತೆ ಇಡಿ. ಒಂದು ಹಾಳಾದರೆ ಇನ್ನೊಂದು ಇರುತ್ತದೆ. ಇದನ್ನು ಮಾಡದ ಬೋರ್ಡು ಎಷ್ಟು ದುಡ್ಡಿನದ್ದಾದರೂ ನನಗೆ ಅದರ ಮೇಲೆ ಗೌರವ ಇಲ್ಲ.

"ಬೆಳಗ್ಗೆ ಕೈಕೊಡುತ್ತೆ, ಬಿಸಿಲೇರಿದ್ರೆ ಸರಿ"

ತೇವ. ಡಿಸೆಂಬರ್ ಇಬ್ಬನಿಯಲ್ಲಿ, ಮಳೆಗಾಲದಲ್ಲಿ ಇದು ಬರುತ್ತದೆ. 5 ಮತ್ತು 6ನೇ ಕಾಲಿನ ನಡುವೆ ಧೂಳು, ಇರುವೆ ಗೂಡು, ಹಲ್ಲಿ ಹಿಕ್ಕೆ ಕೂತು ತೇವ ಹೀರಿದರೆ ಡೇಟಾ ಕ್ಲಾಕ್ ಎರಡೂ ಒಂದಕ್ಕೊಂದು ಸೋರುತ್ತವೆ. ಕರೆಂಟ್ ಪೂರ್ತಿ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಆರಲು ಬಿಡಿ. ಅದು ಬೇಗ ಹೊತ್ತಿಕೊಳ್ಳುವ ದ್ರವ, ಹತ್ತಿರ ಬೀಡಿ ಬೇಡ. ಡಬ್ಬಿಯ ವೈರು ತೂತುಗಳನ್ನು ಮುಚ್ಚಿ, ಇಲ್ಲದಿದ್ದರೆ ಹಲ್ಲಿ ಮತ್ತೆ ಬರುತ್ತದೆ.

"ಎಲ್ಲಾ ಕಡೆ 255 ಇಲ್ಲಾ 65535 ಬರ್ತಿದೆ"

ಈ ಅಂಕಿಗಳು ಸುಮ್ನೆ ಬಂದದ್ದಲ್ಲ. ಖಾಲಿ ಕೋಶಗಳೆಲ್ಲ 1 ಎಂದು ಓದಿಸಿಕೊಳ್ಳುತ್ತವೆ. ಎಂಟೂ 1 ಆದರೆ 255, ಹದಿನಾರೂ ಆದರೆ 65535. ಕೆಲವು ಬೋರ್ಡುಗಳು ಅದನ್ನೇ -1 ಎಂದು ತೋರಿಸುತ್ತವೆ. ಅಂದರೆ ಎರಡರಲ್ಲಿ ಒಂದು: ಐಸಿ ನಿಜವಾಗಿ ಖಾಲಿ, ಇಲ್ಲವೇ ಪ್ರೊಸೆಸರ್‌ಗೆ ಐಸಿಯೇ ಸಿಗುತ್ತಿಲ್ಲ. ಸಿಗದಿದ್ದಾಗಲೂ ತಂತಿಗಳು ಮೇಲೇ ನಿಂತಿರುತ್ತವೆ, ಓದಿದರೆ ಎಲ್ಲಾ 1.

ಟ್ರಾನ್ಸ್‌ಫಾರ್ಮರ್ ಇರುವ ಬೋರ್ಡಾದರೆ, ಮೇಜಿನ ಮೇಲೆ ಅಡಾಪ್ಟರ್‌ನಲ್ಲಿ ಓಡಿಸಿ ಮೀಟರ್ ಇಡಿ. 8ನೇ ಕಾಲಿಗೆ ಪೂರ್ತಿ ವೋಲ್ಟ್ ಬರಬೇಕು. 5 ಮತ್ತು 6 ಸುಮ್ಮನಿದ್ದಾಗ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು, ಏಕೆಂದರೆ ಅವನ್ನು ರೆಸಿಸ್ಟರ್‌ಗಳು ಮೇಲಕ್ಕೆ ಎಳೆದು ಹಿಡಿದಿರುತ್ತವೆ. ಸಾಮಾನ್ಯವಾಗಿ 4.7 ಅಥವಾ 10 ಕಿಲೋಓಮ್. ಒಂದು ಕಾಲು ಸೊನ್ನೆಯಲ್ಲೇ ಅಂಟಿಕೊಂಡಿದ್ದರೆ ರೆಸಿಸ್ಟರ್ ಬಿಟ್ಟಿದೆ, ಇಲ್ಲವೇ ಆ ತಂತಿಯಲ್ಲಿರುವ ಯಾವುದೋ ಐಸಿ ಸತ್ತು ಎಳೆದುಕೊಂಡಿದೆ. ಅದೇ ತಂತಿಯಲ್ಲಿ ಗಡಿಯಾರದ ಐಸಿಯೂ ಇರುತ್ತದೆ, ಮರೆಯಬೇಡಿ.

ಪ್ರೋಗ್ರಾಂ ಹೊಸದಾಗಿ ಹಾಕಿಸಿದ ಮೇಲೆ ಹೀಗಾಯಿತಾ? ಆಗ ದೋಷವೇ ಇಲ್ಲ. ಎಟಿಮೆಗಾ ಚಿಪ್‌ನಲ್ಲಿ ಪೂರ್ತಿ ಅಳಿಸಿದರೆ ಒಳಗಿನ ಇ-ಇ-ಪ್ರಾಮ್ ಕೂಡ ಅಳಿಯುತ್ತದೆ. ಉಳಿಸಿಕೋ ಎಂದು ಚಿಪ್ ಒಳಗಿನ ಒಂದು ಫ್ಯೂಸ್ ಬಿಟ್ (ಸೆಟ್ಟಿಂಗ್) ಹಾಕಿದ್ದರೆ ಮಾತ್ರ ಉಳಿಯುತ್ತದೆ. ಸೆಟ್ಟಿಂಗ್ ಮತ್ತೆ ಹಾಕಿಕೊಳ್ಳಿ, ಅಷ್ಟೇ.

"ಎರಡು ವರ್ಷ ಸರಿ ಇತ್ತು, ಈಗ ಒಂದೇ ಒಂದು ಅಂಕಿ ನಿಲ್ಲಲ್ಲ"

ಈಗ ಐಸಿ ಮೇಲೆ ಅನುಮಾನ ಪಡಬಹುದು. ಬೇರೆಲ್ಲಾ ಸೆಟ್ಟಿಂಗ್ ಉಳಿಯುತ್ತದೆ. ಮೋಟ್ರು ಓಡಿದ ಗಂಟೆ, ಕೊನೆಯ ಸ್ಥಿತಿ, ಇಂಥ ಪದೇಪದೇ ಬದಲಾಗುವ ಒಂದು ಅಂಕಿ ಮಾತ್ರ ತಪ್ಪುತ್ತದೆ. ಹಗೇವಿನ ಆ ಒಂದು ಬಾಯಿಯನ್ನು ಮಾತ್ರ ತೆಗೆದು ತೆಗೆದು ಸವೆಸಿದ್ದಾರೆ.

ಎಟಿಮೆಗಾ328ಪಿಯ ಒಳಗಿನ ಇ-ಇ-ಪ್ರಾಮ್‌ಗೆ ಕಂಪನಿ ಕೊಡುವ ಮಾತು ಒಂದು ಲಕ್ಷ ಬರಹ. ಕೇಳಲು ದೊಡ್ಡದು. ಸೆಕೆಂಡಿಗೊಮ್ಮೆ ಬರೆದರೆ 28 ಗಂಟೆಯೊಳಗೆ ಮುಗಿಯುತ್ತದೆ. ನಿಮಿಷಕ್ಕೊಮ್ಮೆ ಬರೆದರೆ 70 ದಿನದೊಳಗೆ. ಗಂಟೆಗೊಮ್ಮೆಯಾದರೆ 11 ವರ್ಷ ಬರುತ್ತದೆ. ಹೊರಗಿನ 24ಸಿ ಐಸಿಗಳಲ್ಲಿ ಬಹಳವು ಹತ್ತು ಲಕ್ಷದವು. ನಿಮಿಷಕ್ಕೊಮ್ಮೆ ಬರೆದರೆ ಸುಮಾರು ಎರಡು ವರ್ಷ. ಗ್ರಾಹಕರು ಹೇಳುವ "ಎರಡು ವರ್ಷ ಸರಿ ಇತ್ತು" ಎಂಬ ಮಾತಿಗೂ ಇದಕ್ಕೂ ಎಷ್ಟು ಹತ್ತಿರ ನೋಡಿ. ಒಂದು ಲಕ್ಷ ಮುಗಿದ ತಕ್ಷಣ ಸಾಯಬೇಕೆಂದಿಲ್ಲ, ಅಲ್ಲಿಯವರೆಗೆ ಗ್ಯಾರಂಟಿ ಅಷ್ಟೇ. ಫ್ಲ್ಯಾಶ್ ಇನ್ನೂ ನಾಜೂಕು. ಅದೇ ಎಟಿಮೆಗಾದ ಫ್ಲ್ಯಾಶ್‌ಗೆ ಹತ್ತು ಸಾವಿರ ಮಾತ್ರ.

ಐಸಿ ಬದಲಾಯಿಸಿದರೆ ಮತ್ತೆ ಎರಡು ವರ್ಷ ಓಡುತ್ತದೆ. ಪ್ರೋಗ್ರಾಂ ನಿಮ್ಮ ಕೈಯಲ್ಲಿದ್ದರೆ ಅದನ್ನೇ ತಿದ್ದಿ. ಅಂಕಿ ಬದಲಾದರೆ ಮಾತ್ರ ಬರೆಯಲಿ. ಒಂದೇ ಜಾಗದ ಬದಲು ಸರದಿಯಲ್ಲಿ ಜಾಗ ಬದಲಾಯಿಸುತ್ತಾ ಬರೆಯಲಿ. 64 ಜಾಗ ಸುತ್ತಿದರೆ ಆಯಸ್ಸು 64 ಪಟ್ಟು. ಕ್ಷಣಕ್ಷಣಕ್ಕೂ ಬರೆಯಲೇಬೇಕಾದರೆ ಎಫ್‌-ರ‍್ಯಾಮ್ ಹಾಕಿ. ಅದು ಬೇರೆ ತತ್ವದ ಐಸಿ, ಬರಹಕ್ಕೆ ಕಾಯಬೇಕಿಲ್ಲ, ಸವೆತದ ಚಿಂತೆ ಇಲ್ಲವೇ ಇಲ್ಲ ಎನ್ನಬಹುದು. ಬೆಲೆ ಮಾತ್ರ ಜಾಸ್ತಿ.

ಐಸಿ ಬದಲಾಯಿಸಲೇಬೇಕು ಅಂದಾಗ

ಕಿತ್ತ ಹಳೇ ಐಸಿಯನ್ನು ಬಿಸಾಡಬೇಡಿ. ಐಸಿ ಓದುವ, ಬರೆಯುವ ಪ್ರೋಗ್ರಾಮರ್ ಎಂಬ ಸಾಧನದಲ್ಲಿ ಮೊದಲು ಅದನ್ನು ಓದಿ ಫೈಲ್ ಇಟ್ಟುಕೊಳ್ಳಿ. ಎರಡು ಸಲ ಓದಿ, ಎರಡೂ ಒಂದೇ ಇದೆಯಾ ನೋಡಿ. ಕಂಪನಿಯವರು ಒಂದೊಂದು ಬೋರ್ಡಿಗೂ ಅಳೆದು ಹಾಕಿದ ಕರೆಂಟ್ ಅಳತೆಯ ತಿದ್ದುಪಡಿ ಅದರಲ್ಲೇ ಇರಬಹುದು. ಖಾಲಿ ಐಸಿ ಹಾಕಿದರೆ ಆಂಪಿಯರ್ ತಪ್ಪು ತೋರಿಸುತ್ತದೆ, ತಪ್ಪು ಆಂಪಿಯರ್ ನಂಬಿ ಮೋಟ್ರು ಸುಡುತ್ತದೆ.

ಹೊಸದನ್ನು ಅದೇ ನಂಬರಿನದ್ದು ತನ್ನಿ. 24ಸಿ16 ಸಿಗಲಿಲ್ಲ ಎಂದು 24ಸಿ32 ಹಾಕಿದರೆ ಕೆಲಸ ಮಾಡುವುದಿಲ್ಲ. 16ರವರೆಗಿನವು ಒಂದು ಬೈಟಿನ ವಿಳಾಸ ಕೇಳುತ್ತವೆ, 32ರಿಂದ ಮೇಲಿನವು ಎರಡು ಬೈಟು ಕೇಳುತ್ತವೆ. ದೊಡ್ಡದು ಹಾಕಿದರೆ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯದು. ಬೋರ್ಡಿನಲ್ಲೇ ಕ್ಲಿಪ್ ಹಾಕಿ ಓದಲು ಹೋದರೆ ಪ್ರೋಗ್ರಾಮರ್ ಕೊಡುವ ಕರೆಂಟಿಗೆ ಪ್ರೊಸೆಸರೂ ಎದ್ದು ಮಧ್ಯೆ ಬಾಯಿ ಹಾಕುತ್ತದೆ. ಓದಿದ್ದು ಪ್ರತಿ ಸಲ ಬೇರೆ ಬಂದರೆ ಕಾರಣ ಇದು, ಐಸಿ ಕಿತ್ತೇ ಓದಿ.

"ಲೋಗೋದಲ್ಲೇ ನಿಂತಿದೆ, ಮುಂದೆ ಹೋಗಲ್ಲ"

ರೌಟರ್, ಕ್ಯಾಮೆರಾ ಡಬ್ಬಿ, ಟಿವಿಗಳಲ್ಲಿ ಕಾಣುವುದು. ಇಲ್ಲಿ ಮೊದಲು ಅಡಾಪ್ಟರ್ ಬದಲಾಯಿಸಿ ನೋಡಿ. 12 ವೋಲ್ಟಿನ ಅಡಾಪ್ಟರ್ ಮೀಟರ್‌ನಲ್ಲಿ 12 ತೋರಿಸಿ, ಭಾರ ಬಿದ್ದಾಗ 9ಕ್ಕೆ ಇಳಿಯುವುದು ಮಾಮೂಲು. ಅದಲ್ಲದಿದ್ದರೆ ಪ್ರೋಗ್ರಾಂ ಇರುವ 25 ಸಾಲಿನ ಫ್ಲ್ಯಾಶ್ ಐಸಿಯ ಕೆಲಸ. ಇದಕ್ಕೆ ಅದೇ ಮಾಡೆಲಿನ ಸರಿಯಾದ ಫೈಲ್ ಬೇಕು. ಅಗ್ಗದ ಕಪ್ಪು ಬಣ್ಣದ ಸಿಎಚ್341ಎ ಪ್ರೋಗ್ರಾಮರ್ ಬಳಸುವವರು ಗಮನಿಸಿ: ಐಸಿಗೆ 3.3 ವೋಲ್ಟ್ ಕೊಟ್ಟರೂ ಡೇಟಾ ಕಾಲುಗಳಿಗೆ 5 ವೋಲ್ಟ್ ಕಳಿಸುವ ಕಾಯಿಲೆ ಅದಕ್ಕಿದೆ. 1.8 ವೋಲ್ಟಿನ ಐಸಿ ಅದಕ್ಕೆ ಸಿಕ್ಕಿಸಿದರೆ ಸುಟ್ಟಂತೆಯೇ.

ಎಲ್ಲಿ ಕೈ ಬಿಡಬೇಕು

ಶ್ರೀನಿವಾಸಪುರದ ಮಾವಿನ ಸೀಸನ್‌ನಲ್ಲಿ ಮಂಡಿಯವರು ತೂಕದ ಮಿಷಿನ್ ತರುತ್ತಾರೆ, "ಕ್ಯಾಲಿಬ್ರೇಷನ್ ಹೋಗಿದೆ, ನೋಡಿ" ಎಂದು. ನಾನು ಅಡಾಪ್ಟರ್, ಬ್ಯಾಟರಿ, ಪ್ಲೇಟ್ ಕೆಳಗೆ ಸಿಕ್ಕಿಕೊಂಡ ಕಸ, ಇಷ್ಟು ಹೊರಗಿನಿಂದ ನೋಡಿ ವಾಪಸ್ ಕಳಿಸುತ್ತೇನೆ. ತೂಕ ಅಳತೆಯ ಸಾಧನ ರಿಪೇರಿ ಮಾಡಲು ಲೈಸೆನ್ಸ್ ಬೇಕು. ಸೀಲ್ ಮುರಿದರೆ ಕಾನೂನು ಮಾಪನ ಶಾಸ್ತ್ರ ಇಲಾಖೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಹಳ್ಳಿ ಡೈರಿಯ ತೂಕದ ಮಿಷಿನ್‌ಗೂ ಇದೇ ಮಾತು.

ಕರೆಂಟ್ ಮೀಟರ್ ಡಬ್ಬಿಯನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಡಿಸ್‌ಪ್ಲೇ ಖಾಲಿಯಾಗಿದ್ದರೂ ಅದು ನಿಮ್ಮ ಕೆಲಸವಲ್ಲ, ಸೀಲ್ ಮುಟ್ಟಿದರೆ ಕೇಸು. ಬೈಕಿನ ಕಿಲೋಮೀಟರ್ ಅಂಕಿಯೂ ಇಂಥದ್ದೇ ಮೆಮೊರಿಯಲ್ಲಿ ಇರುತ್ತದೆ. ಮಾರುವ ಮುಂಚೆ "ಸ್ವಲ್ಪ ಹಿಂದಕ್ಕೆ ತಿರುಗಿಸಿಕೊಡಿ ಅಣ್ಣ" ಎಂದು ಕೇಳುವವರು ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ಅವರಿಗೆ ಟೀ ಕೊಟ್ಟು ಕಳಿಸುತ್ತೇನೆ.

ಗ್ಯಾರಂಟಿ ಇರುವ ಬೋರ್ಡು ಬಿಚ್ಚಬೇಡಿ, ಕೊಂಡ ಕಡೆಗೇ ಒಯ್ಯಿರಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಬೋರ್ಡು, ಸುಟ್ಟ ವಾಸನೆ ಬರುವ ಪ್ಯಾನಲ್, ಕಪ್ಪಾದ ಕಾಂಟ್ಯಾಕ್ಟರ್, ಹಾಕಿದ ಕೂಡಲೇ ಫ್ಯೂಸ್ ಹಾರುವುದು, ಇವುಗಳಲ್ಲಿ ಒಂದು ಕಂಡರೂ ಮರೆವಿನ ವಿಷಯ ಪಕ್ಕಕ್ಕಿಟ್ಟು ಎಲೆಕ್ಟ್ರಿಷಿಯನ್‌ಗೆ ಹೇಳಿ. ಅವರಿಗೆ ಬೋರ್ಡಿನ ಜೊತೆ ಒಂದು ಚೀಟಿಯನ್ನೂ ಕೊಡಿ: ಯಾವ ದಿನ, ಎಷ್ಟು ಹೊತ್ತಿಗೆ, ಏನು ಮರೆಯಿತು, ಆಗ ಕರೆಂಟ್ ಇತ್ತಾ, ಮೋಟ್ರು ಓಡುತ್ತಿತ್ತಾ. ಮೊದಲು ಹೇಳಿದ ರೈತರು ಹಾಲಿನ ಡೈರಿ ಪುಸ್ತಕದ ಹಿಂದೆ ಹೀಗೇ ಬರೆದು ತಂದಿದ್ದರು. ಆರು ಸಲದಲ್ಲಿ ಐದು ಸಲವೂ ಪಾಳಿ ಕರೆಂಟ್ ಬಂದ ಮೊದಲ ಐದು ನಿಮಿಷ. ಕೆಪಾಸಿಟರ್ ನೋಡುವ ಮುಂಚೆಯೇ ನನಗೆ ಅರ್ಧ ಗೊತ್ತಾಗಿತ್ತು.